ಮೊದಲ ಪಂಕ್ತಿಯ ಎಲೆ

ಹನೂರಿನಾಚೆ ರಸ್ತೆ ಬದಿಯಲ್ಲಿರುವ ಚಿಕ್ಕಮಾದಪ್ಪನವರ ಮನೆಯಲ್ಲಿ ಉಣ್ಣದೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋದವರು ಕಡಿಮೆ. ಮೂರು ತಲೆಮಾರಿನಿಂದ, ಯುಗಾದಿಗೆ ಮುಂಚಿನ ನಾಲ್ಕು ದಿನ ಅಲ್ಲಿ ದಾಸೋಹ. ಯಾರು ಎತ್ತ ಎಂದು ಕೇಳದೆ ಎಲೆ ಹಾಕುವ ಮನೆ. ಅದೇ ಮನೆಯ ಸೊಸೆ ಮಧುಶ್ರೀ ಹಸಿದಿದ್ದಳು.

ನಾನು ಪದ್ಮಿನಿ, ಯಳಂದೂರು ತಾಲ್ಲೂಕಿನ ಅಗರದವಳು. ಕ್ಷಯ ರೋಗಿಗಳಿಗೆ ಮಾತ್ರೆಯ ಜೊತೆ ಆಹಾರದ ಕಿಟ್ ಕೊಟ್ಟು, ತಿಂಗಳಿಗೊಮ್ಮೆ ತೂಕ ನೋಡುವುದು ನನ್ನ ಕೆಲಸ. ಮೊದಲ ಎರಡು ತಿಂಗಳಲ್ಲಿ ತೂಕ ಏರಿದವರಲ್ಲಿ ಸಾವು ಕಡಿಮೆ ಎಂದು ಈಚಿನ ಸಂಶೋಧನೆ ಹೇಳುತ್ತದೆ. ಚಿಕಿತ್ಸೆ ಶುರುವಾದಾಗ ಮಧುಶ್ರೀ ಮೂವತ್ತೈದು ಕೆ.ಜಿ. ಇದ್ದಳು. ಎರಡು ತಿಂಗಳು ತುಂಬಿದ್ದು ದಾಸೋಹದ ದಿನವೇ; ಅಂದು ಅವರ ಮನೆಯಲ್ಲಿ ತೂಕದ ಮಿಷಿನ್ ಮೂವತ್ತನಾಲ್ಕು ತೋರಿಸಿತು.  ನನಗೆ ಸಿಟ್ಟು ಬಂತು.

“ಕಿಟ್ಟಲ್ಲಿದ್ದ ಬೇಳೆ, ಕಡ್ಲೇಕಾಯಿ, ಹಾಲಿನ ಪುಡಿ ಎಲ್ಲಮ್ಮಾ?” ಎಂದು ಅತ್ತೆ ಗುರುಬಸಮ್ಮನವರನ್ನು ಕೇಳಿದೆ.

ಅವರು ಸ್ವಲ್ಪವೂ ಅಳುಕದೆ ಅಂಗಳದ ಒಲೆಗಳತ್ತ ಕೈ ತೋರಿಸಿದರು. “ಎಲ್ಡು ತಿಂಗ್ಳಿಂದ ದಾಸೋಹಕ್ಕೇಂತ ಕೂಡಿಟ್ಟಿದ್ದೆ. ಬೇಳೆ ಸಾರ್ಗೆ, ಆಲಿನ್ ಪುಡಿ ಪಾಯಸಕ್ಕೆ. ಅವಳ ಎಸ್ರಲ್ಲೇ ಬಡಿಸ್ತಾ ಇವ್ನಿ ಕಣವ್ವಾ. ಐನೂರು ಜನ ಉಂಡು ಅರಸುದ್ರೆ ವಾಸಿಯಾಗಲ್ವಾ? ಕೆಮ್ಮೋರ್ಗೆ ಕಡ್ಲೇಕಾಯಿ ನಂಜು. ಅವಳ್ಗೆ ಪತ್ಯ, ಗಂಜಿ ಕೊಡ್ತೀನಿ.”

“ಅದನ್ನಾದ್ರೂ ಯಾವಾಗ?”

“ಬಂದೋರೆಲ್ಲ ಉಂಡೆದ್ದ ಮ್ಯಾಕೆ. ಈ ಮನೇಲಿ ಎಂಗಸ್ರು ಉಣ್ಣೋದು ಕೊನೆಗೇಯ.”

ಕೇಡು ಬಗೆದ ಮಾತಲ್ಲ ಅದು, ಅದೇ ದುಃಖ. ಆಕೆ ಸೊಸೆಯನ್ನು ಪ್ರೀತಿಸುತ್ತಲೇ ಸಾವಿನ ಬಾಯಿಗೆ ತಳ್ಳುತ್ತಿದ್ದರು. ಮಧುಶ್ರೀಯ ಗಂಡ ಮಲ್ಲಿಕಾರ್ಜುನಸ್ವಾಮಿ ತಾಯಿಯ ಎದುರು ತುಟಿ ಬಿಚ್ಚುವವನಲ್ಲ.

“ಹರಸೋದು ಒಳ್ಳೇದೇ ಅಮ್ಮಾ. ಆದ್ರೆ ಮಾತ್ರೆ ನಾಟ್ಬೇಕಾದ್ರೆ ಇವಳ ಹೊಟ್ಟೆಗೆ ಅನ್ನ ಬೀಳ್ಬೇಕು. ಐನೂರು ಜನ ಉಂಡ್ರೆ ಇವಳ ತೂಕ ಏರುತ್ತಾ?”

“ನಿನ್ ಆಸ್ಪತ್ರೆ ಸಾಸ್ತ್ರ ಅಲ್ಲಿಟ್ಕೊ. ನಾನು ಮೂವತ್ ವರ್ಸದಿಂದ ಕೊನೇಲೇ ಉಂಡಿವ್ನಿ, ಸತ್ತೋದ್ನಾ?”

ಅಷ್ಟರಲ್ಲಿ ಹೊರಗೆ “ಉಘೇ ಮಾದಪ್ಪ” ಎಂಬ ಕೂಗು ಕೇಳಿತು. ಮೊದಲ ಪಂಕ್ತಿಗೆ ಎಲೆ ಹಾಕಿದರು. ಎರಡು ತಿಂಗಳಿಂದ ನಾನು ಏನು ಕೇಳಿದರೂ ತಲೆ ತಗ್ಗಿಸಿ “ಉಂಡೆ ಅಕ್ಕಾ” ಎಂದಷ್ಟೇ ಹೇಳುತ್ತಿದ್ದ ಮಧುಶ್ರೀ, ಗೋಡೆ ಹಿಡಿದುಕೊಂಡು ಅಂಗಳಕ್ಕೆ ಹೋದಳು. ನಡೆದು ಬಂದವರ ನಡುವೆ ಒಂದು ಎಲೆಯ ಮುಂದೆ ಕೂತುಬಿಟ್ಟಳು.

“ಏಳವ್ವಾ, ಏನಂದಾರು ಜನ!” ಎಂದು ಗುರುಬಸಮ್ಮ ಓಡಿದರು.

“ಏಳಕಿಲ್ಲ ಅತ್ತೆಮ್ಮ. ಕಫದಲ್ಲಿ ಈಗ ರೋಗ ಇಲ್ಲ ಅಂತ ರಿಪೋರ್ಟ್ ಬಂದದೆ. ನಂಗಿರೋದು ಅಸಿವು. ಅಸ್ಕಂಡು ಬಂದೋರ್ನ ಈ ಮನೆ ಯಾವತ್ತೂ ಎಬ್ಬಿಸಿಲ್ಲ ಅಂತೀರಿ. ನಾನೂ ಅಸ್ಕಂಡಿವ್ನಿ. ಬಡಿಸಿ.”

ಬಡಿಸುವವರ ಕೈ ನಿಂತಿತು. ಎಲ್ಲರೂ ಚಿಕ್ಕಮಾದಪ್ಪನವರ ಮುಖ ನೋಡಿದರು. ಅವರು ಸೌಟು ಇಸಿದುಕೊಂಡು ಸೊಸೆಯ ಎಲೆಗೆ ಬಿಸಿ ಅನ್ನ, ಗಟ್ಟಿ ಬೇಳೆಸಾರು ಬಡಿಸಿದರು.  ಆಮೇಲೆ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿ ಹೆಂಡತಿಯತ್ತ ತಿರುಗಿದರು. “ನೀನೂ ಕೂತ್ಕೊ. ಊರ್ಗೆಲ್ಲ ಬಡಿಸುದ್ವಿ, ಮನೆಯೋರ್ನ ಮರೆತ್ವಿ.”

ಗುರುಬಸಮ್ಮ ಮೊದಲ ತುತ್ತು ಬಾಯಿಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡರು. “ಬಿಸಿಯಾಗಿ ಅದೆ ಕಣ್ರಿ” ಎಂದರು.

ಮುಂದಿನ ತಿಂಗಳು ನಾನು ಹೋದಾಗ ಮಿಷಿನ್ ಮುಂದೆ ಮೊದಲು ಬಗ್ಗಿದವರು ಅವರೇ. ಓದು ಬಾರದು. “ಎಷ್ಟವ್ವಾ?” ಎಂದರು. ಹನ್ನೊಂದು ವರ್ಷದ ಕೆಲಸದಲ್ಲಿ ನಾನು ಯಾವ ಅಂಕಿಯನ್ನೂ ಅಷ್ಟು ಹೆಮ್ಮೆಯಿಂದ ಹೇಳಿಲ್ಲ. ಕೇಳಿದ್ದೇ ತಡ, ಗುರುಬಸಮ್ಮ ಬಾಗಿಲಿಗೆ ಹೋಗಿ ಬೀದಿಗೆಲ್ಲ ಕೇಳುವಂತೆ ಸಾರಿದರು:

“ನಮ್ ಸೊಸೆ ಮೂವತ್ತೇಳ್ ಕೆಜಿ ಕಣ್ರೋ!”