ಎಡತೋಳಿನ ಹೊಲಿಗೆ

ಚಾದರವನ್ನು ಎರಡನೇ ಸಲ ಹಿಂಡುತ್ತಿದ್ದಾಗ ದೊಡ್ಡವಳು ಬಂದು ಬಚ್ಚಲ ಬಾಗಿಲಲ್ಲಿ ನಿಂತಳು. ಶಾಲೆಯ ಬಟ್ಟೆ ಹಾಕಿಕೊಂಡು, ಕಾಲುಚೀಲ ಮೊಣಕಾಲವರೆಗೆ ಎಳೆದುಕೊಂಡು, ಬ್ಯಾಗನ್ನು ಹೆಗಲಿಗೇರಿಸಿ ತಯಾರಾಗಿದ್ದಳು. ಏಳು ವರ್ಷದ ಹುಡುಗಿ ಯಾರೂ ಎಬ್ಬಿಸದೆ ಎದ್ದು, ಬಾಗಿಲು ಮುಚ್ಚಿಕೊಳ್ಳದ ಹಾಗೆ ಬಕೆಟ್ಟನ್ನು ಅಡ್ಡ ಇಟ್ಟು ಸ್ನಾನ ಮುಗಿಸಿ, ತುಟಿಪಿಟಕ್ಕೆನ್ನದೆ ಸಿದ್ಧವಾಗಿಬಿಡುತ್ತಿದ್ದಳು. ನೋಡಿದವರು ಎಂಥಾ ಜಾಣೆ ಎನ್ನುತ್ತಿದ್ದರು. ಚಿಕ್ಕಮ್ಮನಿಗೆ ಮಾತ್ರ ಅದು ಸರಿಬರುತ್ತಿರಲಿಲ್ಲ.

"ನಾನೇ ಒಗೀತೀನಿ ಅಂದಿದ್ನಲ್ಲ ಚಿಕ್ಕಮ್ಮ."

"ನಿನ್ನ ಎತ್ತರಕ್ಕಿಂತ ಚಾದರದ ಉದ್ದ ಜಾಸ್ತಿ. ಅದೇ ನಿನ್ನ ಹಿಂಡಿ ತಂತಿ ಮೇಲೆ ಹಾಕುತ್ತೆ. ಹೋಗು, ಹಾಲು ಕುಡಿ."

ಹುಡುಗಿ ನಗಲಿಲ್ಲ. ಅವಳ ಬೆನ್ನ ಹಿಂದಿನಿಂದ ನಾಲ್ಕು ವರ್ಷದ ತಮ್ಮ ಗುಂಡ ತಲೆ ತೂರಿಸಿದ. "ಅಕ್ಕ ಇವತ್ತೂ ಕೆರೆ ಕಟ್ಟಿದ್ಲು. ನಾನು ದೋಣಿ ಬಿಡ್ತೀನಿ."

"ಬಿಡು, ನಿನ್ನ ಚಡ್ಡೀನೇ ದೋಣಿ ಮಾಡ್ಕೊಂಡು ಬಿಡು" ಎಂದಳು ಚಿಕ್ಕಮ್ಮ. ಒಳಗಿನಿಂದ ಮಕ್ಕಳ ಅಪ್ಪ, "ಇಷ್ಟು ದೊಡ್ಡವಳಾಗಿ ಇದೇನಮ್ಮ ವಾರಕ್ಕೆ ನಾಲ್ಕು ದಿನ?" ಎಂದ. ಗದರಿಕೆಯಲ್ಲ, ಬೇಸರ. ಹುಡುಗಿ ತಲೆ ತಗ್ಗಿಸಿ ಹಾಲಿನ ಲೋಟದ ಕಡೆ ಹೋದಳು.

ಚಿಕ್ಕಮ್ಮ ಈ ಮನೆಗೆ ಎರಡನೇ ಹೆಂಡತಿಯಾಗಿ ಬಂದು ಎಂಟು ತಿಂಗಳು. ಮೊದಲಿನವಳು ಕಾಯಿಲೆಯಿಂದ ತೀರಿಕೊಂಡಾಗ ಗುಂಡನಿಗೆ ಎರಡು ವರ್ಷ ತುಂಬಿತ್ತಷ್ಟೆ. ಅವನಿಗೆ ಅಮ್ಮನ ಮುಖವೇ ನೆನಪಿಲ್ಲ. ಮಲಗುವ ಹೊತ್ತಾದರೆ ಸಾಕು, "ನಮ್ಮಮ್ಮ ಹೇಗಿದ್ಲು?" ಎಂದು ರಾಗ ತೆಗೆಯುತ್ತಿದ್ದ. ಅಪ್ಪ "ಚೆನ್ನಾಗಿದ್ಲು" ಎನ್ನುತ್ತಿದ್ದ, ಅಲ್ಲಿಗೆ ಅವನ ಮಾತಿನ ಚೀಲ ಖಾಲಿ. ಒಂದು ಸಂಜೆ ಗುಂಡನ ಅಳು ತಡೆಯಲಾರದೆ ಚಿಕ್ಕಮ್ಮ ತೀರಿಕೊಂಡವಳ ಬೀರು ತೆಗೆದಳು. ಹನ್ನೆರಡು ವರ್ಷದಿಂದ ಬಟ್ಟೆ ರಿಪೇರಿ ಅಂಗಡಿಯಲ್ಲಿ ದುಡಿಯುತ್ತಿದ್ದವಳು ಚಿಕ್ಕಮ್ಮ. ಸೊಂಟ ಬಿಡಿಸುವುದು, ತೋಳು ಗಿಡ್ಡ ಮಾಡುವುದು, ಜಿಪ್ಪು ಹಾಕುವುದು ಅವಳ ಕೆಲಸ. ಬಟ್ಟೆ ಕೈಗೆ ಸಿಕ್ಕರೆ ತೊಟ್ಟವರು ಯಾವ ಹೆಗಲಿಗೆ ಚೀಲ ಹಾಕುತ್ತಾರೆ, ಯಾವ ಮೊಣಕೈ ಊರಿ ಕೂರುತ್ತಾರೆ ಎಂದು ಹೇಳಬಲ್ಲಳು.

ಹಾಗೆ ಹುಟ್ಟಿದ ಆಟ ದಿನದಿನಕ್ಕೆ ನಿಯಮಗಳನ್ನು ಕಟ್ಟಿಕೊಂಡಿತು. ಗುಂಡ ಕಣ್ಣು ಮುಚ್ಚಿ ಬೀರುವಿನಿಂದ ಒಂದು ಬಟ್ಟೆ ಎಳೆಯಬೇಕು. ಮೂವರೂ ಮೂಸಬೇಕು. "ನೀನು ಎಲ್ಲಿಗೆ ಹೋಗಿದ್ದೆ?" ಎಂದು ಬಟ್ಟೆಯನ್ನೇ ಕೇಳಬೇಕು. ಬಟ್ಟೆ ಚಿಕ್ಕಮ್ಮನ ಕಿವಿಯಲ್ಲಿ ಹೇಳಿದ್ದನ್ನು ಚಿಕ್ಕಮ್ಮ ಗಟ್ಟಿಯಾಗಿ ಹೇಳಬೇಕು. ಕಥೆ ಮುಗಿದ ಮೇಲೆ ಮಡಿಸಿಟ್ಟು "ನೀನೂ ಮಲ್ಕೋ" ಎಂದು ಎರಡು ಸಲ ತಟ್ಟಬೇಕು. ಹಳದಿ ಗೌನಿನ ಜೇಬಿನ ಶಾಯಿ ಕಲೆಯಿಂದ, ಅಮ್ಮ ಕಾಗೆಗಳಿಗೆ ಕಾಗದ ಬರೆಯುತ್ತಿದ್ದ ಕಥೆ ಬಂತು. ಕೋಟಿನ ಕಿತ್ತ ಗುಂಡಿಯಿಂದ, ಮಗು ಅಳುತ್ತದೆಂದು ಓಡುವ ಬಸ್ಸಿನಿಂದಲೇ ಅಮ್ಮ ಇಳಿದುಬಿಟ್ಟ ಕಥೆ ಬಂತು. ಆ ಅಮ್ಮ ಎಂದೂ ಗದರಲಿಲ್ಲ, ದಣಿಯಲಿಲ್ಲ, ಮಕ್ಕಳನ್ನು ಹೊತ್ತುಕೊಂಡೇ ಬೆಟ್ಟ ಹತ್ತಿದಳು. ಹೇಳುತ್ತ ಹೇಳುತ್ತ ಚಿಕ್ಕಮ್ಮನಿಗೇ ಅವಳ ಮೇಲೆ ಪ್ರೀತಿ ಬೆಳೆಯಿತು. ಅಂಥ ಅಮ್ಮ ತನಗೂ ಇರಲಿಲ್ಲ.

ಗುಂಡ ಕಥೆಗಾಗಿ ಕಾಯುತ್ತಿದ್ದ. ದೊಡ್ಡವಳು ಬಟ್ಟೆಯನ್ನು ಮೂಸುವಾಗ ಮೂಗು ತಾಗಿಸಿದ ಹಾಗೆ ಮಾಡಿ, ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಅಮ್ಮನ ನೆನಪು ಇರುವವಳು, ದುಃಖ ಜಾಸ್ತಿ ಎಂದುಕೊಂಡಳು ಚಿಕ್ಕಮ್ಮ. ಕಥೆ ಶುರುವಾದ ಎರಡು ತಿಂಗಳಿಗೆ ಹಾಸಿಗೆ ಒದ್ದೆಯಾಗತೊಡಗಿತು. ಅದಕ್ಕೂ ಅದೇ ಕಾರಣ ಕೊಟ್ಟುಕೊಂಡಳು.

ಅಂಗಡಿಯಲ್ಲಿ ಇಸ್ತ್ರಿ ಮಾಡುವ ಹಿರಿಯ ಹೆಂಗಸು ಎಲ್ಲರಿಗೂ ಅಕ್ಕ. ಚಾದರದ ಸುದ್ದಿ ಕೇಳಿ ಅವಳು ಮೂಗು ಮುರಿದಳು. "ನೀನು ಕಥೆ ಹೇಳಿ ಹೇಳಿ ಸವತೀನ ದೇವತೆ ಮಾಡಿಟ್ಟಿದೀಯ. ನಾಳೆ ನೀನೊಂದು ಸಲ ಕಣ್ಣು ಬಿಟ್ರೆ ರಾಕ್ಷಸಿ ಆಗ್ತೀಯ ನೋಡು."

"ಆಗ್ಲಿ ಬಿಡಕ್ಕ. ಮಕ್ಕಳು ನಿದ್ದೆ ಮಾಡಿದ್ರೆ ಸಾಕು."

"ಎಲ್ಲಿ ಮಾಡ್ತಿವೆ? ಒಂದು ಈಜ್ತಾ ಇದೆಯಲ್ಲ."

ಅಕ್ಕನ ಮಾತಿಗೆ ನಕ್ಕರೂ ಅಂದು ಅವಳು ಒಂದೇ ಪ್ಯಾಂಟಿನ ಅಂಚನ್ನು ಎರಡು ಸಲ ತಪ್ಪಾಗಿ ಮಡಿಸಿದಳು.

ಆ ಸಂಜೆ ಗುಂಡ ಬೀರುವಿನ ಮುಂದೆ ಮುಖ ಊದಿಸಿಕೊಂಡು ಕೂತ. "ಇವೆಲ್ಲ ಹೇಳಿದ್ದೇ ಹೇಳ್ತವೆ. ಹೊಸದು ಬೇಕು." ಎಲ್ಲಿತ್ತೋ ಬುದ್ಧಿ, ಮಂಚದ ಕೆಳಗೆ ನುಗ್ಗಿ ಒಂದು ರಟ್ಟಿನ ಪೆಟ್ಟಿಗೆ ಎಳೆದು ತಂದ. ಮಕ್ಕಳಿಗೆ ಚಿಕ್ಕದಾದ ಬಟ್ಟೆಗಳು. ಕಣ್ಣು ಮುಚ್ಚಿ ಕೈ ಹಾಕಿ ಒಂದು ನೀಲಿ ಫ್ರಾಕು ಎತ್ತಿದ.

"ಅದು ಅಮ್ಮನದಲ್ಲ" ಎಂದಳು ದೊಡ್ಡವಳು. "ನನ್ನದು."

"ಆದ್ರೂ ಹೇಳುತ್ತೆ. ಅಲ್ವಾ ಚಿಕ್ಕಮ್ಮ? ಏಯ್ ಫ್ರಾಕೇ, ನೀನು ಎಲ್ಲಿಗೆ ಹೋಗಿದ್ದೆ?"

ಚಿಕ್ಕಮ್ಮ ಫ್ರಾಕನ್ನು ಕಿವಿಗೆ ಹಿಡಿದಳು. ಬೆರಳು ತಾನಾಗಿ ಹೊಲಿಗೆಗಳ ಮೇಲೆ ಓಡಿತು. ಎಡತೋಳು ಕಂಕುಳಿನವರೆಗೆ ಹರಿದು, ಕೈಯಲ್ಲಿ ಹೊಲಿದಿತ್ತು. ಅಷ್ಟು ಸಿಕ್ಕರೆ ಅವಳಿಗೆ ಕಥೆಗೆ ಸಾಕು.

"ಒಂದು ದಿನ ಅಕ್ಕ ದೊಡ್ಡ ಮರ ಹತ್ತಿದ್ಲಂತೆ. ಕೊಂಬೆ ಈ ತೋಳನ್ನ ಹಿಡ್ಕೊಂಡುಬಿಡ್ತಂತೆ, ಬಿಡಲ್ಲ ಬಿಡಲ್ಲ ಅಂತ. ಆಗ ಅಮ್ಮ ಓಡಿಬಂದು ಅಕ್ಕನ್ನ ಎತ್ಕೊಂಡು ಇಳಿಸಿ, ಆಮೇಲೆ ಕೂತು ಫ್ರಾಕು ಹೊಲಿದ್ಲಂತೆ, ಒಂದೊಂದು ಹೊಲಿಗೆಗೂ ಒಂದೊಂದು ಮುತ್ತು."

ಗೋಡೆಯ ಕಡೆಯಿಂದ ಸಣ್ಣ ದನಿ ಬಂತು. "ಮರ ಇರಲಿಲ್ಲ."

"ಇತ್ತು" ಎಂದ ಗುಂಡ.

"ನಾನು ಮರ ಹತ್ತಿರಲಿಲ್ಲ."

"ಹತ್ತಿದ್ದೆ. ಫ್ರಾಕು ಹೇಳ್ತಲ್ಲ. ಚಿಕ್ಕಮ್ಮನೂ ಹೇಳಿದ್ರು."

ಹುಡುಗಿ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡಳು. ಆಮೇಲೆ, "ಹಾಗಾದ್ರೆ ಹತ್ತಿರಬೇಕು. ನಂಗೇ ಮರೆತುಹೋಗಿದೆ" ಎಂದಳು.

ಗುಂಡ ಫ್ರಾಕನ್ನು ಮಡಿಸಿ "ನೀನೂ ಮಲ್ಕೋ" ಎಂದು ಎರಡು ಸಲ ತಟ್ಟಿದ. ಚಿಕ್ಕಮ್ಮ ಗೋಡೆಯ ಕಡೆ ತಿರುಗಿದ್ದ ಆ ಪುಟ್ಟ ಬೆನ್ನನ್ನೇ ನೋಡಿದಳು. ಹುಡುಗಿ ಅಳಲಿಲ್ಲ, ಹಟ ಮಾಡಲಿಲ್ಲ. ಬೆಳಿಗ್ಗೆ ಹಾಲಿನ ಲೋಟ ಎತ್ತಿಕೊಳ್ಳುವಷ್ಟೇ ವಿಧೇಯಳಾಗಿ ತನ್ನ ನೆನಪನ್ನು ಕೈಬಿಟ್ಟಿದ್ದಳು. ಇಷ್ಟು ತಿಂಗಳು ಎಷ್ಟು ಕಥೆಗಳಿಗೆ ಹೀಗೆ ಒಪ್ಪಿಕೊಂಡಿದ್ದಾಳೋ.

ಮಕ್ಕಳು ಮಲಗಿದ ಮೇಲೆ ಪೆಟ್ಟಿಗೆಯನ್ನು ಅಡುಗೆಮನೆಯ ದೀಪದ ಕೆಳಗೆ ತಂದಳು. ಗುಂಡನ ಬಟ್ಟೆಗಳು ಹಾಲು, ಮಣ್ಣು, ಜೊಲ್ಲಿನ ಕಲೆಗಳ ಮಾಮೂಲು ಬಟ್ಟೆಗಳು. ಹುಡುಗಿಯ ಫ್ರಾಕುಗಳಲ್ಲಿ ನೀಲಿಯದು ಸೇರಿ ಮೂರು ಅದೇ ಎಡತೋಳಲ್ಲಿ ಹರಿದಿದ್ದವು. ಒಂದು ಮೂರು ವರ್ಷದವಳ ಅಳತೆ, ಒಂದು ನಾಲ್ಕರದು, ಒಂದು ಐದರದು. ಕೊಂಬೆಗೆ ಸಿಕ್ಕ ಬಟ್ಟೆ ಒಂದು ಕಡೆ ಚುಚ್ಚಿ ಹರಿಯುತ್ತದೆ. ಇವು ಹೊಲಿಗೆಯ ಉದ್ದಕ್ಕೂ ಬಾಯಿ ಬಿಟ್ಟಿದ್ದವು, ಕಂಕುಳ ಬಟ್ಟೆ ಹಿಗ್ಗಿ ಜಾಳಾಗಿತ್ತು. ಎದುರು ನಿಂತ ಯಾರೋ ಬಲಗೈಯಲ್ಲಿ ಮಗುವಿನ ತೋಳು ಹಿಡಿದು ಎಳೆದಿದ್ದರು. ಮತ್ತೆ ಅದೇ ಮನೆಯಲ್ಲಿ ಯಾರೋ ಕೂತು, ಇರುವೆ ಸಾಲಿನಂಥ ಸಣ್ಣ ಹೊಲಿಗೆಯಲ್ಲಿ ಅದನ್ನು ಅಚ್ಚುಕಟ್ಟಾಗಿ ಮುಚ್ಚಿದ್ದರು. ಬೀರುವಿನ ಗೌನುಗಳ ಅಂಚಿನಲ್ಲೂ ಅದೇ ಇರುವೆ ಸಾಲು ಇತ್ತು.

ಎಳೆದವರು ಯಾರು? ಮಕ್ಕಳ ಅಪ್ಪ ಹೊರಗಿನ ಕೋಣೆಯಲ್ಲಿ ಕೂತು ಮರುದಿನದ ಸಲಕರಣೆ ಒರೆಸುತ್ತಿದ್ದ. ಲಿಫ್ಟ್ ರಿಪೇರಿ ಅವನ ಕೆಲಸ. ಸ್ಪ್ಯಾನರು ಎಂದಿನಂತೆ ಎಡಗೈಯಲ್ಲಿತ್ತು. ಅವನು ಉಣ್ಣುವುದೊಂದನ್ನು ಬಿಟ್ಟು ಎಲ್ಲಕ್ಕೂ ಎಡಗೈಯವನು. ಅದನ್ನು ನೆನೆದು ಸ್ವಲ್ಪ ಉಸಿರು ಬಂದರೂ ಕೇಳದೆ ಇರಲಾಗಲಿಲ್ಲ. ಮೂರೂ ಫ್ರಾಕುಗಳನ್ನು ಅವನ ಮುಂದೆ ಹರಡಿದಳು.

"ಇದು ಯಾರ ಕೆಲಸ?"

ಅವನು ಬಹಳ ಹೊತ್ತು ಸ್ಪ್ಯಾನರನ್ನೇ ಒರೆಸಿದ. "ಸತ್ತೋಳ ಬಗ್ಗೆ ಏನು ಹೇಳ್ಲಿ?"

"ಅವಳಾ?"

"ಕೆಟ್ಟವಳಲ್ಲ. ನಾನು ತಿಂಗಳಿಗೆ ಇಪ್ಪತ್ತು ದಿನ ಬೇರೆ ಊರಲ್ಲಿ. ಕೈಕೂಸು ಬೇರೆ. ಒಬ್ಬಳೇ, ಮೈಯಲ್ಲಿ ಕಾಯಿಲೆ, ನಿದ್ದೆ ಇಲ್ಲ. ಒಂದ್ಸಲ ಹೇಳದೆ ಬಂದೆ. ದೊಡ್ಡವಳು ಬಚ್ಚಲಲ್ಲಿದ್ಲು. ಹೊರಗಿನಿಂದ ಚಿಲಕ."

"ಎಷ್ಟು ಹೊತ್ತಿಂದ?"

"ನಾನು ಕೇಳ್ಲಿಲ್ಲ."

"ಮುಂದಿನ ಸಲ ಊರಿಗೆ ಹೋಗೋದು ಬಿಟ್ರಾ?"

"ಕೆಲಸ ಯಾರು ಮಾಡ್ತಾರೆ?" ಎಂದ. ಆಮೇಲೆ ದನಿ ತಗ್ಗಿಸಿದ. "ನೋಡು, ನೀನು ಬಂದ ಮೇಲೆ ಈ ಮನೆಗೆ ಒಳ್ಳೆ ಅಮ್ಮ ಸಿಕ್ಕಿದಾಳೆ. ನಿನ್ನ ಮಾತಲ್ಲ ಹೇಳ್ತಿರೋದು, ನಿನ್ನ ಕಥೇಲಿರೋ ಅವಳ ಮಾತು. ನೀನೇ ಕೊಟ್ಟಿದ್ದು, ಈಗ ಕಿತ್ಕೋಬೇಡ. ದೊಡ್ಡವಳಿಗೂ ಮರೀತಾ ಬಂದಿದೆ. ಮರೆತುಹೋಗಿದೆ ಅಂದಿದ್ದನ್ನ ನಾನೂ ಇಲ್ಲಿಂದ ಕೇಳಿಸ್ಕೊಂಡೆ. ನಂಗೆ ಎಷ್ಟು ಹಗುರ ಆಯ್ತು ಗೊತ್ತಾ? ಹಳೇ ಬಟ್ಟೆ ತಗೊಳ್ಳೋರು ನಾಳಿದ್ದು ಬರ್ತಾರೆ. ಪೆಟ್ಟಿಗೆ ಕೊಟ್ಟು ಕೈ ತೊಳ್ಕೋ."

ಅವಳಿಗೆ ಮೊದಲು ಅನಿಸಿದ್ದು ಏನೆಂದು ಯಾರಿಗೂ ಹೇಳುವಂತಿರಲಿಲ್ಲ. ಆ ದೇವತೆ ಅಷ್ಟೇನೂ ದೇವತೆಯಲ್ಲ ಎಂಬ ಒಂದು ಚೂರು ಸಂತೋಷ ಎದೆಯ ಯಾವುದೋ ಮೂಲೆಯಲ್ಲಿ ಮಿಸುಕಾಡಿತು. ಮರುಗಳಿಗೆಯೇ ತನ್ನ ಮೇಲೆ ಹೇಸಿಗೆಯಾಯಿತು. ಹಿಂದೆಯೇ ಆ ಇರುವೆ ಸಾಲು ಕಣ್ಣಿಗೆ ಕಟ್ಟಿತು. ಕೋಪ ಇಳಿದ ಮೇಲೆ, ಮಗು ಮೂಲೆಯಲ್ಲಿ ಬಿಕ್ಕುತ್ತಿರುವಾಗ, ಆ ಹೆಂಗಸು ಇಷ್ಟು ಒತ್ತಾಗಿ ಹೊಲಿಯುತ್ತ ಏನು ಯೋಚಿಸಿರಬಹುದು? ಹೊರಗಿನವರಿಗೆ ಕಾಣಬಾರದೆಂದೇ? ಇಲ್ಲ, ಮತ್ತೆ ಹೀಗೆ ಮಾಡುವುದಿಲ್ಲ ಎಂದೇ? ಹಾಗೆ ಮೂರು ಸಲ ಎಂದುಕೊಂಡಿರಬೇಕು. ಅವಳು ಹರಿದು ಹೊಲಿದಳು. ಗಂಡ ನೋಡಿಯೂ ಕೇಳಲಿಲ್ಲ. ಉಳಿದದ್ದು ಹುಡುಗಿಯ ನೆನಪೊಂದೇ, ಅದನ್ನು ಸಂಜೆ ಸಂಜೆ ಮುತ್ತಿನ ಕಥೆ ಹೇಳಿ ಕಿತ್ತುಕೊಂಡವಳು ತಾನು.

ಬೆಳಿಗ್ಗೆ ದೊಡ್ಡವಳ ತಲೆ ಬಾಚುವಾಗ ಗುಂಡ ಹತ್ತಿರ ಇರಲಿಲ್ಲ. ಚಿಕ್ಕಮ್ಮ ಬಾಚಣಿಗೆ ನಿಲ್ಲಿಸಿದಳು.

"ಮರದ ಕಥೆ ನಾನೇ ಕಟ್ಟಿದ್ದು ಕಣೇ. ಬಟ್ಟೆಗಳು ನನ್ನ ಹತ್ರ ಏನೂ ಹೇಳಲ್ಲ. ನಿನಗೆ ನೆನಪಿರೋದೇ ಸರಿ."

ಹುಡುಗಿ ಕನ್ನಡಿಯಲ್ಲಿ ಅವಳನ್ನು ನೋಡಿದಳು. ಎಂಟು ತಿಂಗಳಲ್ಲಿ ಮೊದಲ ಸಲ ಕಣ್ಣಿಟ್ಟು ನೋಡಿದಳು. "ಇಲ್ಲ ಚಿಕ್ಕಮ್ಮ. ನಂಗೆ ಈಗ ನೆನಪು ಬಂತು. ದೊಡ್ಡ ಮರ. ಎರಡು ಕೊಂಬೆ ಇತ್ತು. ಅಮ್ಮ ಕೆಳಗಡೆ ನಿಂತ್ಕೊಂಡು ಕೈ ಚಾಚಿದ್ಲು."

"ನಿಜವಾಗ್ಲೂ?"

"ಹೂಂ. ಗುಂಡನಿಗೆ ಬೇರೆ ಥರ ಹೇಳ್ಬೇಡಿ." ಕನ್ನಡಿಯಿಂದ ಕಣ್ಣು ತೆಗೆದು ಹೇಳಿದಳು, "ನಂಗೂ ಹೇಳ್ಬೇಡಿ."

ಬಾಚಣಿಗೆ ಮತ್ತೆ ನಡೆಯಿತು. ಚಿಕ್ಕಮ್ಮ ಜಡೆ ಹೆಣೆದು ಮುಗಿಸಿದಳು. ಈ ಮಗುವಿನ ಕೈಯಿಂದ ಆ ಮರವನ್ನು ಇಂದು ಕಸಿದುಕೊಂಡರೆ ಹಿಡಿದುಕೊಳ್ಳಲು ಬೇರೇನನ್ನು ಕೊಡುವುದು ಎಂದು ಚಿಕ್ಕಮ್ಮನಿಗೆ ತಿಳಿಯಲಿಲ್ಲ. ಹೊಸ ಮರಗಳನ್ನಂತೂ ನೆಡಬಾರದು. ಇಂದಿನಿಂದ ಬೀರು ಮುಚ್ಚಿಯೇ ಇರಲಿ. ಗುಂಡ ಅತ್ತರೆ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡ ಕರಡಿಯ ಕಥೆ ಹೇಳಿದರಾಯಿತು.

ಎರಡು ದಿನದ ಮೇಲೆ ಹಳೇ ಬಟ್ಟೆಯವರು ಬಂದರು. ಗಂಡನ ಕಣ್ಣೆದುರೇ ಪೆಟ್ಟಿಗೆಯನ್ನು ಎತ್ತಿಕೊಟ್ಟಳು. ಅವನು "ಒಳ್ಳೇದಾಯ್ತು" ಎಂದ. ಅವಳೂ "ಹೂಂ" ಎಂದಳು.

ಅಂಗಡಿಗೆ ಹೋದವಳು ತನ್ನ ಹೊಲಿಗೆ ಯಂತ್ರದ ಡ್ರಾಯರನ್ನು ಪೂರ್ತಿ ಎಳೆದು, ಜಿಪ್ಪುಗಳ ಡಬ್ಬಿಯನ್ನು ಎತ್ತಿ, ಅದರ ಅಡಿಗೆ ಕಾಗದದಲ್ಲಿ ಸುತ್ತಿದ ಒಂದು ಪುಟ್ಟ ಗಂಟನ್ನು ಇಟ್ಟಳು. ಇಸ್ತ್ರಿ ಅಕ್ಕನ ಕಣ್ಣು ತಪ್ಪಿಸುವುದು ಸುಲಭವಲ್ಲ.

"ಏನೇ ಅದು?"

"ರಿಪೇರಿಗೆ ಬಂದಿದ್ದು."

"ಮಾಡಿ ಕಳಿಸೋದು ಬಿಟ್ಟು ಬಚ್ಚಿಡ್ತಾ ಇದೀಯ?"

"ಗಿರಾಕಿಗೆ ಅವಸರ ಇಲ್ಲ ಅಕ್ಕ."

"ಅಂಥ ಗಿರಾಕಿ ನನಗೂ ಒಬ್ಬರು ಸಿಗಬಾರದಾ" ಎಂದು ಅಕ್ಕ ಶರ್ಟಿನ ಕಾಲರಿಗೆ ನೀರು ಚಿಮುಕಿಸಿದಳು.

ಚಿಕ್ಕಮ್ಮ ಯಂತ್ರಕ್ಕೆ ದಾರ ಪೋಣಿಸುತ್ತ ಕೂತಳು. ಪೆಟ್ಟಿಗೆಯಿಂದ ಮೊದಲೇ ತೆಗೆದಿಟ್ಟುಕೊಂಡಿದ್ದ ಆ ಮೂರು ಫ್ರಾಕುಗಳ ಒಂದು ಹೊಲಿಗೆಯನ್ನೂ ಬಿಚ್ಚಬಾರದು, ಒಗೆಯಲೂ ಬಾರದು. ಹುಡುಗಿ ಬೆಳೆಯುತ್ತಾಳೆ. ಹದಿನೈದರಲ್ಲೋ ಮೂವತ್ತರಲ್ಲೋ, ಮುಚ್ಚಿದ ಬಾಗಿಲು ಕಂಡರೆ ಮೈ ಯಾಕೆ ಬೆವರುತ್ತದೆ, ಅಂಥ ಅಮ್ಮನ ಮಗಳಾಗಿಯೂ ತನಗೇನಾಗಿದೆ ಎಂದು ಅವಳು ಕಂಗೆಡುವ ದಿನ ಬರುತ್ತದೆ. ಅಂದು ಇವನ್ನು ಅವಳ ತೊಡೆಯ ಮೇಲಿಟ್ಟು, ಹರಿದದ್ದು ಹೇಗೆ ಎಂದು ತೋರಿಸಬೇಕು. ಮರ ನೆಟ್ಟವಳು ನಾನೇ ಎಂದು ಹೇಳಬೇಕು. ಅವಳು ಎದ್ದು ಹೋಗಿಬಿಡಬಹುದು, ಮತ್ತೆ ಚಿಕ್ಕಮ್ಮ ಎಂದು ಕರೆಯದೆಯೂ ಇರಬಹುದು. ಹೋಗಲಿ. ದಾರ ಸೂಜಿಯ ಕಣ್ಣು ದಾಟಿತು, ಅವಳು ಯಾರದೋ ಪ್ಯಾಂಟಿನ ಅಂಚನ್ನು ಯಂತ್ರದ ಕೆಳಗಿಟ್ಟಳು.