ಕೊಟ್ಟಿಗೆಯ ಒಳ್ಳೆಯ ಎತ್ತು

ಉರ್ಬಾನನ ಬೆನ್ನಿನ ಮೇಲೆ ಮರದ ದಿಮ್ಮಿ ಉರುಳಿದ್ದು ಕೋಟೆಯ ಬಿಟ್ಟಿ ಚಾಕರಿಯಲ್ಲಿ. ದೊರೆಯ ಹೊಸ ಕುದುರೆಲಾಯಕ್ಕೆ ತೊಲೆ ಬೇಕಾಗಿತ್ತು. ಉರ್ಬಾನನ ಬೆನ್ನು ಯಾರಿಗೂ ಬೇಕಾಗಿರಲಿಲ್ಲ. ನಾಲ್ಕು ಜನ ಹೊತ್ತು ತಂದು ಮನೆಯಲ್ಲಿ ಮಲಗಿಸಿದರು. ಪಾದ್ರಿ ಬಂದು ಹಣೆಗೆ ಎಣ್ಣೆ ಹಚ್ಚಿ, "ಒಂದು ವಾರ ಉಳಿದ್ರೆ ಹೆಚ್ಚು" ಎಂದು ಹೇಳಿ ಹೋದ.

ನೇಝಾ ಗಂಡನ ಕಾಲುದೆಸೆಯಲ್ಲಿ ಕೂತು ಅತ್ತಳು. ಆಮೇಲೆ ಎದ್ದು ಕೊಟ್ಟಿಗೆಗೆ ಹೋದಳು. ನೆಮ್ಮದಿಯಾಗಿ ಅಳುವುದಕ್ಕೂ ಪುರುಸೊತ್ತು ಕೊಡದ ಹಾಳು ಕಟ್ಟಳೆಯೊಂದು ಆ ಸೀಮೆಯಲ್ಲಿತ್ತು. ಮನೆಯ ಯಜಮಾನ ಸತ್ತರೆ ಕೊಟ್ಟಿಗೆಯಲ್ಲಿ ಇದ್ದುದರಲ್ಲೇ ಒಳ್ಳೆಯ ದನ ಕೋಟೆಗೆ ಸೇರಬೇಕು. ಯಾವುದು ಒಳ್ಳೆಯದೆಂದು ಪಾರುಪತ್ಯಗಾರನೇ ಬಂದು ಆರಿಸುತ್ತಿದ್ದ.

ಅವರಿಗಿದ್ದದ್ದು ಎರಡು ಎತ್ತು. ಬೂದು ಬಣ್ಣದ ಸಿವ್ಕೊಗೆ ಆರು ವರ್ಷ, ಹೆಗಲು ಬಂಡೆಯಂತಿತ್ತು. ಮಚ್ಚೆಯ ಶೇಕೊ ಮುದಿಯ, ಒಂದು ಕಣ್ಣು ಬೇರೆ ಹೋಗಿತ್ತು. ಪಕ್ಕದ ಮನೆಯ ವಿಧವೆ ಮಿತ್ಸಾಳ ಒಂಟಿ ಎತ್ತಿನ ಜೊತೆಗೆ ಸಿವ್ಕೊನನ್ನು ಹೂಡಿದರೆ ನೇಝಾ ಹೇಗೋ ಉತ್ತಾಳು. ಸಿವ್ಕೊ ಹೋದರೆ ಅದೂ ಇಲ್ಲ. ವಸಂತದಲ್ಲಿ ಬರುವ ಸಂತ ಯೂರಿಯ ಹಬ್ಬದೊಳಗೆ ಉಳದವರ ಹೊಲ ಬೇರೆಯವರ ಪಾಲಾಗುತ್ತಿತ್ತು.

ಅಂದಿನಿಂದ ಅವಳು ಸಿವ್ಕೊನ ಹುಲ್ಲನ್ನೂ ಶೇಕೊಗೇ ಹಾಕಿದಳು. ಶೇಕೊನ ವಯಸ್ಸು ಹೇಳುವ ಕೊಂಬಿನ ಉಂಗುರಗಳನ್ನು ಚಾಕುವಿನಿಂದ ಹೆರೆದು, ಹಂದಿಕೊಬ್ಬು ಸವರಿ ಮಿರಮಿರ ಮಿಂಚಿಸಿದಳು. ಸಿವ್ಕೊಗೆ ಸಿಕ್ಕಿದ್ದು ಕಾಲಡಿಯ ಒಣ ಕಸ ಮಾತ್ರ. ಯಜಮಾನ ಸಾಯುವ ಹೊತ್ತಿಗೆ ಸಿವ್ಕೊ ಬಡಕಲಾಗಿ ಕಾಣಬೇಕಿತ್ತು, ಅಷ್ಟೆ.

ಆದರೆ ಉರ್ಬಾನ ಸಾಯಲಿಲ್ಲ. ವಾರ ಕಳೆಯಿತು, ಎರಡು ವಾರವೂ ಕಳೆಯಿತು. ಸಿವ್ಕೊನ ಪಕ್ಕೆಲುಬು ದೂರದಿಂದಲೇ ಕಾಣತೊಡಗಿತು.

"ನಿಮ್ಮೆಜಮಾನ್ರು ಗಟ್ಟಿ ಆಳು ಕಣೇ," ಎಂದಳು ಮಿತ್ಸಾ ಬೇಲಿಯಾಚೆಯಿಂದ. "ಸಾವಿನ ಕೈಲೂ ಬಿಟ್ಟಿ ಚಾಕರಿ ಮಾಡಿಸ್ತಾವ್ರೆ."

ನೇಝಾ ನಕ್ಕುಬಿಟ್ಟಳು. ನಕ್ಕ ಮೇಲೆ ಹೆದರಿಕೆಯಾಯಿತು. ಬೆಳಿಗ್ಗೆ ಗಂಜಿ ತಿರುವುತ್ತಾ, ಇನ್ನೂ ಎಷ್ಟು ದಿನವಪ್ಪಾ ಎಂದು ಅವಳ ಮನಸ್ಸು ಕೇಳಿತ್ತು. ಇಪ್ಪತ್ತು ವರ್ಷ ಬಾಳಿದ ಗಂಡನ ಸಾವಿಗೆ ತಾನು ದಿನ ಎಣಿಸುತ್ತಿದ್ದೇನೆಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಹಲಗೆ ಗೋಡೆಯ ಈಚೆ ಉರ್ಬಾನನ ಹಾಸಿಗೆ, ಆಚೆ ಕೊಟ್ಟಿಗೆ.

"ಸಿವ್ಕೊಗೆ ಮೇವು ಹಾಕ್ತಿಲ್ಲ ನೀನು," ಎಂದ ಅವನು ಒಂದು ಮಧ್ಯಾಹ್ನ.

"ಹಾಕ್ತಿದೀನಿ."

"ಕರುವಾಗಿದ್ದಾಗಿಂದ ಅವನ ಗಂಟಲು ಕೇಳಿದೀನಿ ಕಣೇ. ಹಸಿದ ಕೂಗು ಯಾವ್ದು ಅಂತ ನಂಗೊತ್ತಾಗಲ್ವಾ?"

ನೇಝಾ ಎಲ್ಲ ಹೇಳಿದಳು. ಅವನು ಬೆನ್ನು ನೋಯುತ್ತಿದ್ದರೂ ನಕ್ಕ.

"ಭಲೇ! ನನ್ನ ತಲೆಗೆ ಹೊಳೀತಿರಲಿಲ್ಲ ಬಿಡು. ಸಿವ್ಕೊ ಎದ್ದು ನಿಲ್ತಾನಾ?"

"ನಿಲ್ತಾನೆ. ಗೋಡೆಗೆ ಒರಗ್ಕೊಂಡು."

"ಹಂಗಾದ್ರೆ ನಂದೇ ತಡ."

ಆ ಸಂಜೆ ಚಮಚ ಹತ್ತಿರ ತಂದಾಗ ಅವನು ತುಟಿ ಬಿಗಿದುಕೊಂಡ. "ಒಂದೇ ಒಂದು ತುತ್ತು, ನನ್ನಾಣೆ" ಎಂದು ನೇಝಾ ಎರಡು ದಿನ ಗೋಗರೆದಳು. ಮೂರನೆಯ ದಿನ ಒಬ್ಬಳಿಗಾಗುವಷ್ಟು ಮಾತ್ರ ಗಂಜಿ ಕಾಯಿಸಿದಳು. ಅದನ್ನು ಯಾರೂ ನೋಡಲಿಲ್ಲ. ಅವಳಿಗೆ ಮಾತ್ರ ಗೊತ್ತಿತ್ತು.

ಐದನೆಯ ದಿನ ಅವನ ಉಸಿರು ನಿಂತಿತು.

ಮಣ್ಣು ಮಾಡಿದ ಮರುದಿನವೇ ಪಾರುಪತ್ಯಗಾರ ಗ್ರೆಗೊರ್ ಎರಡು ಆಳುಗಳೊಂದಿಗೆ ಬಂದ. ಅವನೂ ಒಕ್ಕಲಿನವರ ಮಗನೇ. ಶೇಕೊನ ಕೊಂಬಿನ ಮೇಲೆ ಕೈಯಾಡಿಸಿ ಬೆರಳು ಮೂಸಿದ. ಸಿವ್ಕೊನ ಹೆಗಲಿನ ನೊಗದ ಜಡ್ಡನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ.

"ಇವನನ್ನ ಬಿಚ್ಚಿ."

"ಸ್ವಾಮಿ, ಅದು ಸಾಯೋ ಎತ್ತು! ಮೂಳೆ ನೋಡಿ!"

"ಯಜಮಾನ ಮಲಗಿರೋ ಮನೇಲಿ ಬಡಕಲಾಗಿರೋದೇ ಒಳ್ಳೇ ಎತ್ತು ಅಕ್ಕಾ. ನಮ್ಮಪ್ಪ ಮಲಗಿದ್ದಾಗ ನಮ್ಮವ್ವನೂ ಇದನ್ನೇ ಮಾಡಿದ್ಲು. ಎಲ್ಲಾರ ಮನೇಲೂ ಮಾಡ್ತಾರೆ. ಕೋಟೆ ಹುಲ್ಲು ಒಂದು ತಿಂಗಳು ತಿಂದ್ರೆ ಸರಿಹೋಗ್ತಾನೆ."

ಅವನ ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನೇಝಾ ಅವನ ಮುಖಕ್ಕೆ ಉಗಿದಾದರೂ ಸಮಾಧಾನ ಪಡುತ್ತಿದ್ದಳು.

ಆಳುಗಳು ಹಗ್ಗ ಜಗ್ಗಿದರು. ಸಿವ್ಕೊ ಎರಡು ಹೆಜ್ಜೆಯಿಟ್ಟು ಮೊಣಕಾಲೂರಿದ. ಒಬ್ಬ ಕೋಲೆತ್ತಿದ.

"ಹುಲ್ಲು ತೋರ್ಸು ಅಕ್ಕಾ," ಎಂದ ಗ್ರೆಗೊರ್. "ನಿನ್ನ ಕೈಯಾದ್ರೆ ಬರ್ತಾನೆ. ಇಲ್ದಿದ್ರೆ ಹೊಡೆದೇ ಎಬ್ಬಿಸ್ತಾರೆ."

ನೇಝಾ ಅಟ್ಟ ಹತ್ತಿ ಮಡಿಲು ತುಂಬ ಹುಲ್ಲು ತಂದಳು. ಮೂರು ವಾರದ ಮೇಲೆ ಅವಳ ಕೈಯಿಂದ ಅವನಿಗೆ ಸಿಕ್ಕಿದ ಮೊದಲ ಮೇವು ಅದು. ಸಿವ್ಕೊ ಎದ್ದ. ಹಿಡಿ ಹಿಡಿಯಾಗಿ ತಿನ್ನಿಸುತ್ತಾ, ಹೆಸರು ಹಿಡಿದು ಕರೆಯುತ್ತಾ, ಅವಳೇ ಅವನನ್ನು ಗುಡ್ಡದ ಮೇಲಿನ ಕೋಟೆ ಬಾಗಿಲಿನವರೆಗೆ ಮುಟ್ಟಿಸಿದಳು. ಹುಲ್ಲು ಮುಗಿದ ಮೇಲೂ ಅವನು ಅವಳ ಅಂಗೈ ನೆಕ್ಕುತ್ತಿದ್ದ.

ವಾಪಸು ಬಂದಾಗ ಮಿತ್ಸಾ ಬೇಲಿಯ ಹತ್ತಿರ ಕಾಯುತ್ತಿದ್ದಳು.

"ನಿಮ್ಮನೆಯವ್ರು ಹೋದಾಗ ನೀನೂ ಹಿಂಗೇ ಮಾಡಿದ್ಯಾ?" ಎಂದು ನೇಝಾ ಕೇಳಿದಳು.

ಮಿತ್ಸಾ ತಲೆ ತಗ್ಗಿಸಿದಳು. "ಹ್ಞೂ. ಆಗ್ಲೂ ಒಳ್ಳೇದನ್ನೇ ಹೊಡ್ಕೊಂಡು ಹೋದ್ರು."

"ಒಂದು ಮಾತು ನಂಗೆ ಹೇಳ್ಬಾರ್ದಿತ್ತಾ ಮಿತ್ಸಾ?"

"ನಾನೊಬ್ಳೇ ಹಿಂಗೆ ಮಾಡಿದ್ದು ಅನ್ಕೊಂಡಿದ್ದೆ. ಬಾಯಿ ಬಿಟ್ರೆ ಕೋಟೆಗೆ ಗೊತ್ತಾಗ್ಬಿಡುತ್ತೆ ಅಂತ ಸುಮ್ನಿದ್ದೆ ಕಣೇ."

ನೇಝಾ ಒಳಗೆ ಹೋದಳು. ಒಲೆಯ ಪಕ್ಕ ಉರ್ಬಾನನ ಮರದ ಚಮಚ ಒಣಗಿ ಬಿದ್ದಿತ್ತು.