ಯಾರೂ ಹೋಗದ ಚೊಕ್ಕಟ ಶೌಚಾಲಯ

ಎಲ್ಲರೂ ಕಿವಿಗೊಟ್ಟು ಕೇಳಬೇಕಾದ ಘನವಾದ ಸಂಗತಿಯೊಂದಿದೆ. ನಮ್ಮ ಬೀದಿಯ ಶಾಲೆಯ ಮಕ್ಕಳ ಶೌಚಾಲಯದಷ್ಟು ಚೊಕ್ಕಟವಾದದ್ದು ಸುತ್ತಮುತ್ತ ಎಲ್ಲೂ ಇರಲಿಲ್ಲ. ಕಾರಣ, ಅದಕ್ಕೆ ಬೀಗ ಹಾಕಿತ್ತು. ಬೀಗದಕೈ ಹೆಡ್‌ಮಾಸ್ಟರ ಜೇಬಿನಲ್ಲಿ. ತಪಾಸಣೆಗೆ ಮೇಲಿನವರು ಬಂದ ದಿನ ಬಾಗಿಲು ತೆರೆಯುತ್ತಿತ್ತು. ಅವರು ನೋಡಿ, ಮೆಚ್ಚಿ, ಹೋಗುತ್ತಿದ್ದರು.

ಆ ಶಾಲೆಯ ಎರಡನೆಯ ತರಗತಿಯಲ್ಲಿ ಗುಬ್ಬಿ ಓದುತ್ತಿದ್ದಳು. ಅವಳ ತಾಯಿ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಯ ಕಾಲರ್ ಹೊಲಿಯುವವಳು. ಅಲ್ಲಿ ಮೆಷಿನ್ ಬಿಟ್ಟೆದ್ದರೆ ಸೂಪರ್‌ವೈಸರ್ ಹುಬ್ಬು ಗಂಟಿಕ್ಕುತ್ತಾನೆ. ಹಾಗಾಗಿ ನೀರು ಮುಟ್ಟದೆ ಸಂಜೆ ಮಾಡುವ ವಿದ್ಯೆ ಅವಳಿಗೆ ಕರಗತ. ಅದನ್ನೇ ಮಗಳಿಗೂ ಧಾರೆ ಎರೆದಿದ್ದಳು: "ಬಾಯಿ ಒಣಗಿದ್ರೆ ತುಟಿ ಒದ್ದೆ ಮಾಡ್ಕೋ, ಸಾಕು. ಒಂದಕ್ಕೆ ಹೋಗೋ ಗೋಜೇ ಇರಲ್ಲ."

ಗುಬ್ಬಿಗೆ ಜ್ವರ ಬಂತು, ಹೋಯಿತು, ಮತ್ತೆ ಬಂತು. ಎಂದೋ ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಯಿತು. ಒಂದಕ್ಕೆ ಕೂತರೆ ಉರಿಯೆಂದು ಅಳುತ್ತಿದ್ದಳು.

"ಉಷ್ಣ," ಎಂದಳು ಅಜ್ಜಿ. ಅವಳ ವೈದ್ಯಶಾಸ್ತ್ರದಲ್ಲಿ ಇದ್ದದ್ದೇ ಎರಡು ಕಾಯಿಲೆ, ಉಷ್ಣ ಮತ್ತು ಶೀತ.

ಪಕ್ಕದ ಮನೆಯ ನರ್ಸಕ್ಕ ಗುಬ್ಬಿಯ ಕಿಬ್ಬೊಟ್ಟೆ ಮುಟ್ಟಿ ನೋಡಿದಳು. "ನೆಗಡಿ ಇಲ್ಲ, ಕೆಮ್ಮಿಲ್ಲ, ಜ್ವರ ಬಿಡ್ತಿಲ್ಲ. ಮೂತ್ರ ಪರೀಕ್ಷೆ ಮಾಡಿಸಿದ್ರಾ?"

"ಇಷ್ಟುದ್ದ ಕೂಸಿಗೆ ಅದ್ಯಾವ ಪರೀಕ್ಷೆನೇ? ನಿಮ್ಮ ಆಸ್ಪತ್ರೆಯವರಿಗೆ ಬೇರೆ ಕೆಲಸ ಇಲ್ವಾ?" ಎಂದಳು ಅಜ್ಜಿ.

"ಅಜ್ಜಿ, ನೀರು ಕುಡೀದೆ, ತಡ್ಕೊಂಡು ತಡ್ಕೊಂಡು ಸೋಂಕು ಆಗಿರತ್ತೆ. ಅದು ಕಿಡ್ನಿಗೆ ಹತ್ತಿದ್ರೆ ಗಾಯ ಮಾಡತ್ತೆ. ನೀವು ಉಷ್ಣ ಇಳೀಲಿ ಅಂತ ಕೂತ್ರೆ ಅದು ಕಾಯತ್ತಾ?"

"ನಾನೂ ದಿನಾ ತಡ್ಕೋತೀನಲ್ಲಕ್ಕ, ನನಗೇನಾಗಿದೆ?" ಎಂದಳು ತಾಯಿ.

"ನಿನಗೆ ಉರಿ ಬಂದೇ ಇಲ್ಲ ಅಂತ ನನ್ನ ಮುಖ ನೋಡ್ಕೊಂಡು ಹೇಳು."

ತಾಯಿ ಮುಖ ತಿರುಗಿಸಿ, ಮಗಳಿಗೆ ಚಪ್ಪಲಿ ತೊಡಿಸಿದಳು.

ಪರೀಕ್ಷೆಯಲ್ಲಿ ಸೋಂಕು ಕಂಡಿತು. ಡಾಕ್ಟರು ಔಷಧಿ ಕೊಟ್ಟು, ಜ್ವರ ಇಳಿದರೂ ನಡುವೆ ನಿಲ್ಲಿಸಬಾರದೆಂದರು. ಕಿಡ್ನಿಯ ಸ್ಕ್ಯಾನಿಂಗ್‌ಗೂ ಬರೆದರು.

ಮರುದಿನ ಅಜ್ಜಿಯೂ ತಾಯಿಯೂ ಹೆಡ್‌ಮಾಸ್ಟರ ಮುಂದೆ ನಿಂತು, ಶೌಚಾಲಯದ ಬೀಗ ತೆಗೆಸಿ ಎಂದರು.

"ಬಿಟ್ರೆ ಮಕ್ಕಳು ಗಲೀಜು ಮಾಡ್ತಾರೆ ಕಣಮ್ಮ."

"ಮತ್ತೆ ನೋಡಿ ಆನಂದಪಡೋಕೆ ಕಟ್ಟಿಸಿದ್ರಾ ಸ್ವಾಮಿ?" ಎಂದಳು ಅಜ್ಜಿ. "ನಿಮ್ಮ ಶೌಚಾಲಯಕ್ಕೆ ಯಾಕೆ ಬೀಗ ಇಲ್ಲ? ನೀವೂ ಸಂಜೆವರೆಗೆ ತಡ್ಕೊಂಡು ತೋರಿಸಿ, ಆಮೇಲೆ ಮಾತಾಡೋಣ."

ಹೆಡ್‌ಮಾಸ್ಟರು ಬೀಗ ತೆಗೆಸಿದರು. ಅಜ್ಜಿ ಬಾಯಿ ಮಾಡುವವರೆಗೂ ಈ ಕೆಲಸಕ್ಕೆ ಒಬ್ಬ ದೊಡ್ಡ ಮನುಷ್ಯನಿಗೂ ಪುರುಸೊತ್ತಾಗಿರಲಿಲ್ಲ.

ಓದುತ್ತಿರುವ ತಾಯಂದಿರೇ, ತಂದೆಯರೇ, ನಾಳೆಯೇ ನಿಮ್ಮ ಮಗುವಿನ ಶಾಲೆಗೆ ಹೋಗಿ ಶೌಚಾಲಯದ ಬಾಗಿಲು ತಳ್ಳಿ ನೋಡಿ. ಮಗುವಿಗೆ ನೀರು ಕುಡಿಸಿ, ತಡೆದುಕೊಳ್ಳುವುದನ್ನು ಕಲಿಸಬೇಡಿ. ಹೆಣ್ಣುಮಕ್ಕಳಿಗೆ ಮುಂದಿನಿಂದ ಹಿಂದಕ್ಕೆ ತೊಳೆದುಕೊಳ್ಳಲು ಹೇಳಿಕೊಡಿ. ಕಾರಣ ತಿಳಿಯದ ಜ್ವರವಿದ್ದರೆ, ಉರಿಯಿದ್ದರೆ, ಮೂತ್ರದಿಂದ ಕೆಟ್ಟ ವಾಸನೆ ಬಂದರೆ ಅಂದೇ ಡಾಕ್ಟರ ಬಳಿ ಹೋಗಿ ಪರೀಕ್ಷೆ ಮಾಡಿಸಿ.

ಗುಬ್ಬಿಯ ಜ್ವರ ಹೋಯಿತು. ಅವಳ ಒಂದು ಕಿಡ್ನಿಯಲ್ಲಿ ಗಾಯದ ಕಲೆ ಉಳಿದಿದೆ. ಅದು ಹೋಗುವುದಿಲ್ಲ.